ದುರಸ್ತಿಯಾದ ಹಳೆಯ ಗಿಟಾರ್‌ನ ಬೆಲೆ

ಹಳೆಯ ಎಲೆಕ್ಟ್ರಿಕ್ ಗಿಟಾರ್‌ಗಳ ವ್ಯಾಪಾರದಲ್ಲಿ ಎಲ್ಲರೂ ಒಪ್ಪಿ ನಡೆಯುವ ಒಂದು ಲೆಕ್ಕವಿದೆ. 1950ರ ದಶಕದ ಫೆಂಡರ್ ಅಥವಾ ಗಿಬ್ಸನ್ ಗಿಟಾರ್‌ನ ಮೂಲ ಬಣ್ಣ ಕೆರೆದು ಹೊಸ ಬಣ್ಣ ಬಳಿದಿದ್ದರೆ, ಕೆಲಸ ಎಷ್ಟೇ ಅಚ್ಚುಕಟ್ಟಾಗಿರಲಿ, ಬೆಲೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮರ, ಪಿಕಪ್, ವೈರಿಂಗ್ ಎಲ್ಲವೂ ಹಾಗೆಯೇ ಉಳಿದಿದ್ದರೂ ಈ ಕಡಿತ ತಪ್ಪುವುದಿಲ್ಲ. ಕೈ ಸೋಕದ ವಾದ್ಯವೇ ಶ್ರೇಷ್ಠ, ದುರಸ್ತಿಯಾದದ್ದು ಎರಡನೆಯ ದರ್ಜೆಯದು ಎಂಬ ಈ ಎಣಿಕೆ ವಾದ್ಯದ ಜೊತೆಗೇ ಹುಟ್ಟಿದ್ದಲ್ಲ; 1970ರ ದಶಕದಿಂದೀಚೆಗೆ ಸಂಗ್ರಾಹಕರ ಮಾರುಕಟ್ಟೆ ರೂಢಿಸಿಕೊಂಡದ್ದು. ಈ ವ್ಯಾಪಾರದ ಚರಿತ್ರೆಯನ್ನು ತಿರುವಿ ನೋಡಿದರೆ, ಗಿಟಾರ್‌ನ ಮೌಲ್ಯವನ್ನು ನಿಜಕ್ಕೂ ಕೆಡಿಸುವುದು ಮರೆಮಾಚಿದ ದುರಸ್ತಿ ಎಂಬುದು ತಿಳಿಯುತ್ತದೆ. ಮಾಡಿದ್ದನ್ನು ತೆರೆದು ಹೇಳಿದ ದುರಸ್ತಿಗೆ ಈಗ ಸಿಗುತ್ತಿರುವುದಕ್ಕಿಂತ ಹೆಚ್ಚಿನ ಮರ್ಯಾದೆ ಸಲ್ಲಬೇಕು.

ಮೊದಮೊದಲು ಹಳೆಯದೆಂಬ ಕಾರಣಕ್ಕೆ ಬೆಲೆ ಏರುತ್ತಲೇ ಇರಲಿಲ್ಲ. ಗಿಬ್ಸನ್ ಕಂಪನಿ ಮಿಷಿಗನ್ ರಾಜ್ಯದ ಕಲಮಜೂ ಕಾರ್ಖಾನೆಯಲ್ಲಿ 1958ರಿಂದ 1960ರವರೆಗೆ ಸನ್‌ಬರ್ಸ್ಟ್ ಬಣ್ಣದ ಲೆಸ್ ಪಾಲ್ ಸ್ಟ್ಯಾಂಡರ್ಡ್ ಗಿಟಾರ್‌ಗಳನ್ನು ತಯಾರಿಸಿತು. ಹೊರಬಂದದ್ದು ಸುಮಾರು 1,500 ಮಾತ್ರ. ಕೊಳ್ಳುವವರು ಸಾಲದೆ ಕಂಪನಿ ಆ ರೂಪವನ್ನೇ ಕೈಬಿಟ್ಟು, 1961ರಲ್ಲಿ ಎರಡು ಚೂಪು ಕೊಂಬುಗಳ ತೆಳುವಾದ ಆಕಾರ ತಂದಿತು. ಜಾನ್ ಮೇಯಾಲ್ ತಂಡದ ಜೊತೆ ಎರಿಕ್ ಕ್ಲಾಪ್ಟನ್ ನುಡಿಸಿದ ಬ್ಲೂಸ್‌ಬ್ರೇಕರ್ಸ್ ಆಲ್ಬಂ 1966ರಲ್ಲಿ ಬಂದ ಮೇಲೆ ಆ ತಿರಸ್ಕೃತ ಮಾದರಿಗಾಗಿ ವಾದಕರು ಸೆಕೆಂಡ್ ಹ್ಯಾಂಡ್ ಅಂಗಡಿಗಳನ್ನು ಜಾಲಾಡತೊಡಗಿದರು. 1968ರಲ್ಲಿ ಗಿಬ್ಸನ್ ಲೆಸ್ ಪಾಲ್ ಉತ್ಪಾದನೆಯನ್ನು ಮತ್ತೆ ಆರಂಭಿಸಬೇಕಾಯಿತು. ಅತ್ತ ಲಿಯೊ ಫೆಂಡರ್ 1965ರ ಜನವರಿಯಲ್ಲಿ ತಮ್ಮ ಕಂಪನಿಯನ್ನು 1.3 ಕೋಟಿ ಡಾಲರ್‌ಗೆ ಸಿಬಿಎಸ್ ಸಂಸ್ಥೆಗೆ ಮಾರಿದರು. ಆಮೇಲೆ ಗುಣಮಟ್ಟ ಕುಸಿಯಿತೆಂಬ ನಂಬಿಕೆ ವಾದಕರಲ್ಲಿ ಬಲವಾಗಿ, ಪ್ರಿ-ಸಿಬಿಎಸ್ ಗಿಟಾರ್‌ಗಳೆಂಬ ಪ್ರತ್ಯೇಕ ವರ್ಗವೇ ಹುಟ್ಟಿತು. 1970ರಲ್ಲಿ ಜಾರ್ಜ್ ಗ್ರೂನ್ ನ್ಯಾಶ್‌ವಿಲ್‌ನಲ್ಲಿ ಹಳೆಯ ಗಿಟಾರ್‌ಗಳ ಅಂಗಡಿ ತೆರೆದರು. ವರ್ಷ, ಬಿಡಿಭಾಗ, ಬಣ್ಣ ನೋಡಿ ದರ್ಜೆ ಕಟ್ಟುವ ಪದ್ಧತಿ ಇಂಥ ಅಂಗಡಿಗಳಲ್ಲಿ ಬೇರೂರಿತು. ಅಂದರೆ, ಹಳೆಯದನ್ನು ಮೊದಲು ಹುಡುಕಿದವರು ನಾದಕ್ಕಾಗಿ ಹುಡುಕಿದರು. ಕೈ ಸೋಕಿರಬಾರದೆಂಬ ಷರತ್ತು ಆಮೇಲೆ ಬಂದದ್ದು.

ಆ ವಾದಕರೇ ತಮ್ಮ ಗಿಟಾರ್‌ಗಳನ್ನು ಧಾರಾಳವಾಗಿ ಮಾರ್ಪಡಿಸಿದರು. ಟ್ಯೂನಿಂಗ್ ಬಿರಡೆಗಳನ್ನು ಬದಲಿಸಿದರು, ದೇಹ ಕೊರೆದು ಬೇರೆ ಪಿಕಪ್ ಕೂರಿಸಿದರು, ಬಣ್ಣ ಕೆರೆದು ಮರದ ಮೈ ತೋರಿಸಿದರು. ಸನ್‌ಬರ್ಸ್ಟ್ ಕೈಗೆಟುಕದವರು 1950ರ ದಶಕದ ಗೋಲ್ಡ್‌ಟಾಪ್ ಲೆಸ್ ಪಾಲ್ ಕೊಂಡು ಅದನ್ನೇ ಸನ್‌ಬರ್ಸ್ಟ್ ಆಗಿ ಪರಿವರ್ತಿಸಿಕೊಂಡರು. ಕಾರ್ಖಾನೆಯೂ ಇದಕ್ಕೆ ಹೊರತಲ್ಲ: ಫೆಂಡರ್‌ನವರು ಕಾರುಗಳಿಗೆ ಬಳಸುವ ಡುಪಾಂಟ್ ಬಣ್ಣಗಳಲ್ಲಿ ಗಿಟಾರ್ ಮಾಡಿಕೊಡುವಾಗ, ಆಗಲೇ ಸನ್‌ಬರ್ಸ್ಟ್ ಬಳಿದಿದ್ದ ದೇಹದ ಮೇಲೆಯೇ ಹೊಸ ಬಣ್ಣ ಹೊಡೆದದ್ದುಂಟು. ಕ್ಲಾಪ್ಟನ್ ಅವರ ಹೆಸರಾಂತ ‘ಬ್ಲ್ಯಾಕಿ’ ಮೂರು ಹಳೆಯ ಫೆಂಡರ್ ಸ್ಟ್ರಾಟೋಕಾಸ್ಟರ್‌ಗಳ ಭಾಗಗಳನ್ನು ಕೂಡಿಸಿ ಕಟ್ಟಿದ ವಾದ್ಯ. 2004ರ ಕ್ರಿಸ್ಟೀಸ್ ಹರಾಜಿನಲ್ಲಿ ಅದು 9,59,500 ಡಾಲರ್‌ಗೆ ಹೋಯಿತು.

ಇದು ಕ್ಲಾಪ್ಟನ್ ಹೆಸರಿಗೆ ಬಂದ ಬೆಲೆ, ಸಾಮಾನ್ಯ ಗಿಟಾರ್‌ಗೆ ಅನ್ವಯಿಸದು ಎಂದು ಆಕ್ಷೇಪಿಸಬಹುದು. ಹಣದ ಮೊತ್ತದ ಮಟ್ಟಿಗೆ ಆ ಮಾತು ಸರಿ. ಆದರೆ ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ ಅವರ ‘ಬ್ಲ್ಯಾಕ್ ಸ್ಟ್ರಾಟ್’ ಏನು ಹೇಳುತ್ತದೆ ನೋಡಿ. ಸನ್‌ಬರ್ಸ್ಟ್ ಮೇಲೆ ಕಪ್ಪು ಬಳಿದ, ನೆಕ್ ಮತ್ತು ಪಿಕಪ್‌ಗಳನ್ನು ಮತ್ತೆ ಮತ್ತೆ ಬದಲಿಸಿದ ಆ ಗಿಟಾರ್ 2019ರಲ್ಲಿ 39.75 ಲಕ್ಷ ಡಾಲರ್‌ಗೆ ಮಾರಾಟವಾಯಿತು. ಅದರ ಒಂದೊಂದು ಬದಲಾವಣೆಯನ್ನೂ ಗಿಲ್ಮೋರ್ ಅವರ ತಂತ್ರಜ್ಞ ಫಿಲ್ ಟೇಲರ್ ಒಂದು ಪುಸ್ತಕದಲ್ಲಿ ದಾಖಲಿಸಿದ್ದರು. ಹೀಗಾಗಿ ಆ ಬದಲಾವಣೆಗಳು ಕೊರತೆಯಾಗಿ ಕಾಣದೆ ವಾದ್ಯದ ಚರಿತ್ರೆಯಾಗಿಯೇ ಕಂಡವು. ಕೀರ್ತಿಯನ್ನು ಸಾಮಾನ್ಯ ಮಾಲೀಕ ಗಳಿಸಲಾರ. ದಾಖಲೆ ಇಡುವುದು ಮಾತ್ರ ಯಾರಿಗೂ ಅಸಾಧ್ಯವಲ್ಲ.

ಇನ್ನೂ ಗಟ್ಟಿಯಾದ ಆಕ್ಷೇಪವೆಂದರೆ, ಮೂಲ ಸ್ಥಿತಿಯ ಗಿಟಾರ್ ಒಂದು ಐತಿಹಾಸಿಕ ಸಾಕ್ಷ್ಯ ಎಂಬುದು. ನೈಟ್ರೋಸೆಲ್ಯುಲೋಸ್ ಲ್ಯಾಕರ್ ಅತಿನೇರಳೆ ಬೆಳಕಿನಲ್ಲಿ ತನ್ನ ಪ್ರಾಯವನ್ನು ತೋರಿಸುತ್ತದೆ. ವಾಲ್ಯೂಮ್ ತಿರುಗಣೆಯೊಳಗಿನ ಪೊಟೆನ್ಶಿಯೋಮೀಟರ್ ಮೇಲೆ ಒತ್ತಿದ ಅಂಕಿಗಳು ಅದನ್ನು ತಯಾರಿಸಿದ ಕಂಪನಿ, ವರ್ಷ, ವಾರಗಳನ್ನು ಹೇಳುತ್ತವೆ. ಯಾರೂ ಬಿಚ್ಚದ ಬೆಸುಗೆ ಕಾರ್ಖಾನೆಯ ಕೈಕೆಲಸವನ್ನು ಹಾಗೆಯೇ ಉಳಿಸಿಕೊಂಡಿರುತ್ತದೆ. ಇವನ್ನು ವಿನಾಕಾರಣ ಅಳಿಸುವುದು ತಪ್ಪೇ. ಚೆನ್ನಾಗಿರುವ ಮೂಲ ಬಣ್ಣವನ್ನು ಹೊಳಪಿನ ಆಸೆಗೆ ಕೆರೆಯುವವರನ್ನು ಸಮರ್ಥಿಸಲಾಗದು. ಆದರೆ ಬಣ್ಣ ಎಂದೋ ಹೋಗಿರುವ, ಫ್ರೆಟ್‌ಗಳು ಸವೆದು ಸ್ವರ ಕೆಟ್ಟಿರುವ ಗಿಟಾರ್‌ನ ಮಾತೇ ಬೇರೆ. ಅದನ್ನು ಮತ್ತೆ ನುಡಿಯುವಂತೆ ಮಾಡಿದವರು ಸಾಕ್ಷ್ಯ ನಾಶ ಮಾಡಿದವರಲ್ಲ. ಸ್ಟ್ರಾಡಿವೇರಿ ಪಿಟೀಲುಗಳಲ್ಲಿ ಬಹುಪಾಲಿನವುಗಳ ನೆಕ್ಕನ್ನು ಮುಂದಿನ ತಲೆಮಾರುಗಳ ಕುಶಲಕರ್ಮಿಗಳು ಬದಲಿಸಿದ್ದಾರೆ. ಅದರಿಂದ ಆ ಪಿಟೀಲುಗಳ ಗೌರವ ಕುಂದಿಲ್ಲ. ಕಛೇರಿಗಳಲ್ಲಿ ಅವು ಇಂದಿಗೂ ನುಡಿಯುತ್ತಿವೆ.

ದುರಸ್ತಿಗೆ ಮಾನ್ಯತೆ ಕೊಟ್ಟರೆ ನಕಲಿಗಳಿಗೆ ದಾರಿಯಾಗುತ್ತದೆ ಎಂಬ ಭಯವೂ ಇದೆ. ವಾಸ್ತವದಲ್ಲಿ ನಕಲಿ ಬೆಳೆಯುವುದು ಗುಟ್ಟಿನಲ್ಲಿ. ಹೊಸ ಬಣ್ಣಕ್ಕೆ ಅರ್ಧ ಬೆಲೆಯ ದಂಡ ಬೀಳುವಾಗ ಅದನ್ನು ಹಳೆಯದೆಂದು ತೋರಿಸುವ ಆಮಿಷವೂ ಅಷ್ಟೇ ದೊಡ್ಡದು. ಮರದ ವಿಷಯದಲ್ಲಂತೂ ಗುಟ್ಟು ಕಾನೂನಿನ ತೊಡಕನ್ನೇ ತರುತ್ತದೆ. ಹಳೆಯ ಗಿಟಾರ್‌ಗಳ ಫಿಂಗರ್‌ಬೋರ್ಡ್‌ನಲ್ಲಿರುವ ಬ್ರೆಜಿಲ್ ರೋಸ್‌ವುಡ್ 1992ರಿಂದ ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ. ಪರವಾನಗಿ ಇಲ್ಲದೆ ಅದನ್ನು ದೇಶದಿಂದ ದೇಶಕ್ಕೆ ಮಾರುವಂತಿಲ್ಲ. 1960ರ ದಶಕದ ಕೊನೆಗೆ ಅಮೆರಿಕದ ತಯಾರಕರು ಅದರ ಬದಲಿಗೆ ಭಾರತದ ರೋಸ್‌ವುಡ್, ಅಂದರೆ ನಮ್ಮ ಮಲೆನಾಡಿಗೆ ಚಿರಪರಿಚಿತವಾದ ಬೀಟೆ ಮರವನ್ನು ಬಳಸತೊಡಗಿದರು. ಅದು ಎರಡನೆಯ ಪಟ್ಟಿಯಲ್ಲಿದ್ದರೂ 2019ರಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದೆ. ದುರಸ್ತಿಯಲ್ಲಿ ಯಾವ ಮರ ಕೂರಿಸಿದೆ ಎಂದು ಹೇಳದ ಮಾರಾಟಗಾರ ಕೊಂಡವರನ್ನು ಕಸ್ಟಮ್ಸ್ ಕಟ್ಟೆಯಲ್ಲಿ ಸಿಕ್ಕಿಸಬಲ್ಲ.

ಆದ್ದರಿಂದ ದುರಸ್ತಿಯಾದ ಗಿಟಾರ್ ಮಾರುವವರು ಯಾವ ಭಾಗ ಮೂಲದ್ದು, ಯಾವುದು ಬದಲಾದದ್ದು, ಕೆಲಸ ಯಾರದು ಎಂದು ಬರೆದುಕೊಡಲಿ. ತೆಗೆದ ಹಳೆಯ ಬಿಡಿಭಾಗಗಳನ್ನೂ ವಾದ್ಯದ ಜೊತೆಗೇ ಕೊಡಲಿ. ಕೊಳ್ಳುವವರು ಆ ಪ್ರಾಮಾಣಿಕತೆಗೂ ಬೆಲೆ ಕಟ್ಟಲಿ.