ಗುಲಾಮರ ಆತ್ಮಕಥನಗಳಲ್ಲಿ ಮನವೊಲಿಕೆಯ ಬಗೆಗಳು

ಗುಲಾಮಗಿರಿಯಿಂದ ಬಿಡುಗಡೆ ಪಡೆದ ಅಥವಾ ತಪ್ಪಿಸಿಕೊಂಡು ಬಂದ ಆಫ್ರಿಕನ್ ಮೂಲದವರ ಆತ್ಮಕಥನಗಳು ಹದಿನೆಂಟನೆಯ ಶತಮಾನದ ಕೊನೆಯಿಂದ ಅಮೆರಿಕದ ಅಂತರ್ಯುದ್ಧದವರೆಗೆ ಗುಲಾಮಗಿರಿ ವಿರೋಧಿ ಚಳವಳಿಯ ಪ್ರಬಲ ಅಸ್ತ್ರವಾಗಿದ್ದವು. ಓದುಗರಲ್ಲಿ ಹೆಚ್ಚಿನವರು ಬಿಳಿಯರು. ಅವರ ಮನಸ್ಸನ್ನು ತಿರುಗಿಸುವುದೇ ಈ ಬರವಣಿಗೆಯ ಉದ್ದೇಶ. ಮಾತುಗಾರನ ವಿಶ್ವಾಸಾರ್ಹತೆ, ಕೇಳುಗರ ಭಾವ, ತರ್ಕ ಎಂದು ಅರಿಸ್ಟಾಟಲ್ ಗುರುತಿಸಿದ ಮೂರು ಬಗೆಯ ಮನವೊಲಿಕೆಯೂ ಇವುಗಳಲ್ಲಿ ಕಾಣುತ್ತದೆ. ಆದರೆ ಮೂರಕ್ಕೂ ಸಮಾನ ಸ್ಥಾನವಿರಲಿಲ್ಲ. ದಕ್ಷಿಣದ ರಾಜ್ಯಗಳ ನ್ಯಾಯಾಲಯಗಳು ಬಿಳಿಯರ ವಿರುದ್ಧ ಕರಿಯರ ಸಾಕ್ಷ್ಯವನ್ನೇ ಸ್ವೀಕರಿಸುತ್ತಿರಲಿಲ್ಲ. ಅಂಥ ಕಾಲದಲ್ಲಿ, ಹೇಳುವವರು ನಂಬಲರ್ಹರು ಎಂದು ಮೊದಲು ಸ್ಥಾಪಿಸದೆ ಉಳಿದೆರಡಕ್ಕೆ ದಾರಿಯೇ ಇರಲಿಲ್ಲ.

ಹೀಗಾಗಿ ಕಥನದ ಸುತ್ತ ಸಾಕ್ಷಿಗಳ ಬೇಲಿ ಹಾಕುವ ರೂಢಿ ಬೆಳೆಯಿತು. ಲಂಡನ್ನಿನಲ್ಲಿ 1831ರಲ್ಲಿ ಪ್ರಕಟವಾದ ಮೇರಿ ಪ್ರಿನ್ಸಳ ಆತ್ಮಕಥೆಗೆ ಸಂಪಾದಕ ಥಾಮಸ್ ಪ್ರಿಂಗಲ್ ದೀರ್ಘ ಅನುಬಂಧ ಬರೆದ. ಆಕೆಯ ಬೆನ್ನಿನ ಮೇಲಿದ್ದ ಚಾಟಿಯ ಗಾಯದ ಕಲೆಗಳನ್ನು ಕಣ್ಣಾರೆ ಕಂಡವರ ಪತ್ರವೊಂದನ್ನು ಮುಂದಿನ ಮುದ್ರಣವೊಂದರಲ್ಲಿ ಸೇರಿಸಲಾಯಿತು. ಅಮೆರಿಕದಲ್ಲಿ 1838ರಲ್ಲಿ ಬಂದ ಜೇಮ್ಸ್ ವಿಲಿಯಮ್ಸ್‌ನ ಕಥನದ ವಿವರಗಳನ್ನು ಅಲಬಾಮದ ಗುಲಾಮರ ಒಡೆಯರು ಪ್ರಶ್ನಿಸಿದಾಗ, ಪ್ರಕಟಿಸಿದ ಸಂಘವೇ ಆ ಪುಸ್ತಕವನ್ನು ಹಿಂತೆಗೆದುಕೊಂಡಿತು. ಒಂದು ಹೆಸರು ಅಥವಾ ಒಂದು ಊರು ತಪ್ಪಿದರೂ ಇಡೀ ಚಳವಳಿಗೆ ಏಟು ಬೀಳಬಹುದೆಂಬ ಪಾಠ ಅಲ್ಲಿ ಸಿಕ್ಕಿತು.

ಈ ಬಗೆಯ ಶ್ರೇಷ್ಠ ಕೃತಿ ಫ್ರೆಡರಿಕ್ ಡಗ್ಲಾಸ್‌ನದು (1845). ಮೇರಿಲ್ಯಾಂಡಿನಲ್ಲಿ ಗುಲಾಮನಾಗಿ ಹುಟ್ಟಿ 1838ರಲ್ಲಿ ಓಡಿಬಂದ ಆತ, ಸಭೆಗಳಲ್ಲಿ ಎಷ್ಟು ಚೆನ್ನಾಗಿ ಮಾತಾಡುತ್ತಿದ್ದನೆಂದರೆ ಇವನು ಗುಲಾಮನಾಗಿದ್ದನೇ ಎಂದು ಕೇಳುಗರು ಅನುಮಾನಿಸಿದರು. ಅದಕ್ಕೆ ಉತ್ತರವಾಗಿ ಆತ ಒಡೆಯರ, ಮೇಸ್ತ್ರಿಗಳ, ಊರುಗಳ ನಿಜ ಹೆಸರುಗಳನ್ನೇ ಬರೆದ. ಹಾಗೆ ಬರೆದದ್ದರಿಂದ ಮತ್ತೆ ಸೆರೆಸಿಕ್ಕುವ ಅಪಾಯ ಎದುರಾಗಿ ಬ್ರಿಟನ್ನಿಗೆ ಹೋಗಬೇಕಾಯಿತು. ಅಲ್ಲಿನ ಸ್ನೇಹಿತರು 1846ರಲ್ಲಿ ಹಣ ಕೊಟ್ಟು ಅವನನ್ನು ಬಿಡಿಸಿದರು. ಕಥನವನ್ನು ಸುಳ್ಳೆನ್ನಲು ಪತ್ರಿಕೆಗೆ ಬರೆದ ಡೆಲವೇರಿನ ಒಬ್ಬಾತ, ಅದೇ ಪತ್ರದಲ್ಲಿ ತಾನು ಇವನನ್ನು ಗುಲಾಮನಾಗಿ ಬಲ್ಲೆನೆಂದು ಒಪ್ಪಿಕೊಂಡ. ಡಗ್ಲಾಸ್ ಅವನಿಗೆ ಬಹಿರಂಗವಾಗಿಯೇ ಧನ್ಯವಾದ ಹೇಳಿದ. 1845ರ ಪುಸ್ತಕಕ್ಕೆ ಮುನ್ನುಡಿ ಬರೆದವನು ಚಳವಳಿಯ ಬಿಳಿಯ ನಾಯಕ ವಿಲಿಯಂ ಲಾಯ್ಡ್ ಗ್ಯಾರಿಸನ್. 1855ರ ಎರಡನೆಯ ಆತ್ಮಕಥೆಗೆ ಪ್ರಸ್ತಾವನೆ ಬರೆದವನು ಕರಿಯ ವೈದ್ಯ ಜೇಮ್ಸ್ ಮೆಕ್ಯೂನ್ ಸ್ಮಿತ್. ಯಾರ ಜಾಮೀನಿನ ಮೇಲೆ ಮಾತಾಡುವುದೆಂಬ ಪ್ರಶ್ನೆಗೆ ಡಗ್ಲಾಸ್ ಕೊಟ್ಟ ಗಟ್ಟಿ ಉತ್ತರವಿದು.

ಭಾವವನ್ನು ಕಲಕುವಲ್ಲಿ ಅವನ ಬಲವಿರುವುದು ಸಂಯಮದಲ್ಲಿ. ಬಾಲ್ಯದ ಚಳಿಯನ್ನು ವಿವರಿಸುತ್ತ, ತಾನು ಈಗ ಹಿಡಿದಿರುವ ಲೇಖನಿಯನ್ನು ಅಂದು ಪಾದದಲ್ಲಿ ಒಡೆದಿದ್ದ ಬಿರುಕುಗಳೊಳಗೆ ಇಡಬಹುದಿತ್ತು ಎನ್ನುತ್ತಾನೆ. ಗೋಳಾಟವಿಲ್ಲ, ಅಳತೆಯಷ್ಟೇ ಇದೆ. ಅಕ್ಷರ ನಿಷೇಧವಾಗಿದ್ದ ಮಗುವಿನ ಪಾದವೂ ಅಕ್ಷರ ಗೆದ್ದ ಲೇಖಕನ ಕೈಯೂ ಒಂದೇ ವಾಕ್ಯದಲ್ಲಿ ಎದುರಾಗುವುದರಿಂದ, ಮರುಕದ ಜೊತೆಗೇ ಪುರಾವೆಯೂ ಓದುಗನ ಮುಂದೆ ಬರುತ್ತದೆ. ಓಡಿಬಂದ ಬಗೆಯನ್ನು ಮಾತ್ರ ಆತ 1881ರವರೆಗೂ ಅಚ್ಚಿಗೆ ಕೊಡಲಿಲ್ಲ. ಮುಂದೆ ಓಡುವವರ ದಾರಿ ಮುಚ್ಚಬಾರದೆಂಬ ಕಾಳಜಿ ಆ ಮೌನದ ಹಿಂದಿತ್ತು.

ತರ್ಕ ಹೆಚ್ಚಾಗಿ ಘಟನೆಗಳ ಜೋಡಣೆಯಲ್ಲೇ ಅಡಗಿರುತ್ತದೆ. ಅಕ್ಷರ ಕಲಿಸಲು ತೊಡಗಿದ ಒಡತಿ ಸೋಫಿಯಾ ಆಲ್ಡ್ ಗಂಡನ ಮಾತಿನಿಂದ ಕಠೋರಳಾದದ್ದನ್ನು ಡಗ್ಲಾಸ್ ತೋರಿಸುವುದು, ಈ ವ್ಯವಸ್ಥೆ ಒಡೆಯರನ್ನೂ ಕೆಡಿಸುತ್ತದೆಂಬ ವಾದವಾಗಿ. ನ್ಯೂಯಾರ್ಕಿನ ಸ್ವತಂತ್ರ ನಾಗರಿಕನಾಗಿದ್ದು 1841ರಲ್ಲಿ ಅಪಹರಣಕ್ಕೊಳಗಾದ ಸಾಲೊಮನ್ ನಾರ್ಥಪ್ (1853) ಲೂಸಿಯಾನದ ಹತ್ತಿ ಹೊಲದ ಲೆಕ್ಕ ಕೊಡುತ್ತಾನೆ. ಸಾಧಾರಣವಾಗಿ ದಿನಕ್ಕೆ 200 ಪೌಂಡ್ ಬಿಡಿಸಬೇಕು. ಸಂಜೆಯ ತೂಕದಲ್ಲಿ ಕಡಿಮೆ ಬಂದರೆ ಚಾಟಿ, ಹೆಚ್ಚು ಬಂದರೆ ಮರುದಿನದಿಂದ ಅದೇ ಹೊಸ ಗುರಿ. ದುಡಿದವನಿಗೆ ಯಾವ ಕಡೆಯಿಂದಲೂ ಗೆಲುವಿಲ್ಲ ಎಂಬುದನ್ನು ಈ ಒಂದು ಲೆಕ್ಕವೇ ಸಾಬೀತು ಮಾಡುತ್ತದೆ.

ಹೆಂಗಸರ ಕಷ್ಟ ಬೇರೆಯೇ ಆಗಿತ್ತು. ನಾರ್ತ್ ಕ್ಯಾರೊಲಿನದ ಹ್ಯಾರಿಯೆಟ್ ಜೇಕಬ್ಸ್ ಒಡೆಯನ ಲೈಂಗಿಕ ಕಾಟವನ್ನು ಬರೆಯಬೇಕಿತ್ತು. ಅದರಿಂದ ಪಾರಾಗಲು ಇನ್ನೊಬ್ಬ ಬಿಳಿಯನ ಸಂಗ ಮಾಡಿ ಇಬ್ಬರು ಮಕ್ಕಳನ್ನು ಹೆತ್ತದ್ದನ್ನೂ ಹೇಳಬೇಕಿತ್ತು. ಶೀಲದ ಕಟ್ಟುಪಾಡಿನಲ್ಲಿ ಬೆಳೆದ ಉತ್ತರದ ಗೃಹಿಣಿಯರು ಇದನ್ನು ಓದಿ ಪುಸ್ತಕ ಮುಚ್ಚಿಬಿಡುವ ಭಯವಿತ್ತು. ಜೇಕಬ್ಸ್ ಅವರನ್ನೇ ನೇರವಾಗಿ ಸಂಬೋಧಿಸುತ್ತಾಳೆ. ಕ್ಷಮೆ ಕೇಳುತ್ತಲೇ, ಆಯ್ಕೆಯೇ ಇಲ್ಲದವಳನ್ನು ಆಯ್ಕೆಯುಳ್ಳವರ ಅಳತೆಗೋಲಿನಿಂದ ಅಳೆಯುವುದು ನ್ಯಾಯವಲ್ಲವೆಂಬ ವಾದಕ್ಕೆ ಬರುತ್ತಾಳೆ. ಅಜ್ಜಿಯ ಮನೆಯ ಅಟ್ಟದಲ್ಲಿ ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲ, ಅತಿ ಎತ್ತರದ ಕಡೆಯೂ ಮೂರೇ ಅಡಿಯ ಜಾಗದಲ್ಲಿ ಸುಮಾರು ಏಳು ವರ್ಷ ಅಡಗಿದ್ದು, ಸಂದಿನಿಂದ ಮಕ್ಕಳನ್ನು ನೋಡುತ್ತಿದ್ದ ಪ್ರಸಂಗ ತಾಯಂದಿರಾದ ಓದುಗರಿಗೆಂದೇ ಬರೆದಂತಿದೆ.

ಆದರೆ 1861ರಲ್ಲಿ ಲಿಂಡಾ ಬ್ರೆಂಟ್ ಎಂಬ ಮರೆಹೆಸರಿನಲ್ಲಿ ಈ ಕಥನವನ್ನು ಹೊರತಂದದ್ದಕ್ಕೆ ಆಕೆ ಬೆಲೆ ತೆರಬೇಕಾಯಿತು. ಇಪ್ಪತ್ತನೆಯ ಶತಮಾನದ ಬಹುಪಾಲು ವಿದ್ವಾಂಸರು ಅದನ್ನು ಕಾದಂಬರಿಯೆಂದೋ ಸಂಪಾದಕಿ ಲಿಡಿಯಾ ಮರಿಯಾ ಚೈಲ್ಡ್‌ಳ ಬರಹವೆಂದೋ ಬದಿಗಿಟ್ಟರು. ಜೀನ್ ಫೇಗನ್ ಯೆಲಿನ್ 1981ರಲ್ಲಿ ಜೇಕಬ್ಸ್‌ಳ ಪತ್ರಗಳನ್ನು ಆಧಾರವಾಗಿಟ್ಟು ಕರ್ತೃತ್ವವನ್ನು ಸ್ಥಾಪಿಸಿದರು. ಲೇಖಕಿಯ ನಿಜ ಹೆಸರಿನೊಂದಿಗೆ, ಪಾತ್ರಗಳ ಹಿಂದಿನ ವ್ಯಕ್ತಿಗಳನ್ನು ಗುರುತಿಸಿದ ಅವರ ಆವೃತ್ತಿ 1987ರಲ್ಲಿ ಪ್ರಕಟವಾಯಿತು.