ಶುರಿಯಿಂದ ಮಬುನಿಗೆ

ಓಕಿನಾವಾ ಒಂದು ಕಾಲಕ್ಕೆ ಸ್ವತಂತ್ರ ರಾಜ್ಯವಾಗಿತ್ತು. ಚೀನಾ, ಕೊರಿಯಾ, ಜಪಾನ್‌ಗಳ ನಡುವೆ ಹಡಗು ನಡೆಸಿ, ವ್ಯಾಪಾರವನ್ನೇ ನೆಚ್ಚಿ ಬಾಳಿದ ರ್‍ಯುಕ್ಯು ಅರಸರು ಶುರಿ ಕೋಟೆಯಿಂದ ನಾಲ್ಕೂವರೆ ಶತಮಾನ ಆಳಿದರು. 1879ರಲ್ಲಿ ಜಪಾನ್ ಆ ಅರಸೊತ್ತಿಗೆಯನ್ನು ಅಳಿಸಿತು. ಅದೇ ಕೋಟೆಯ ಅಡಿಯಲ್ಲಿ ಸುರಂಗ ಕೊರೆಸಿ, 1945ರಲ್ಲಿ ಜಪಾನಿನ 32ನೆಯ ಸೇನೆಯ ದಂಡನಾಯಕ ಉಶಿಜಿಮಾ ಮಿತ್ಸುರು ಬೀಡುಬಿಟ್ಟಿದ್ದನು.

ಏಪ್ರಿಲ್ 1ರಂದು ಅಮೆರಿಕದ ಪಡೆಗಳು ಹಗುಶಿ ಕಡಲತೀರದಲ್ಲಿ ಇಳಿದವು. ಎದುರಿಸುವವರೇ ಇರಲಿಲ್ಲ, ಮೊದಲ ದಿನವೇ ಸುಮಾರು 60,000 ಮಂದಿ ದಡ ಸೇರಿದರು. ಶತ್ರುವನ್ನು ಒಳನಾಡಿಗೆ ಬರಗೊಟ್ಟು ಶುರಿಯ ಸುತ್ತಲ ಗುಡ್ಡಗಳಲ್ಲಿ ಕೊಲ್ಲುವುದು ಉಶಿಜಿಮಾನ ಹಂಚಿಕೆ. ಏಪ್ರಿಲ್ 7ರಂದು ಜಪಾನಿನ ಯಮಾಟೊ ಎಂಬ ಮಹಾನೌಕೆ ಮುಳುಗಿತು. ಜಪಾನಿನ ಆತ್ಮಾಹುತಿ ವಿಮಾನಗಳು ವಾರಗಟ್ಟಲೆ ಎರಗಿದವು. ಆದರೂ ಗುಡ್ಡಗಳು ಒಂದೊಂದಾಗಿ ಕೈತಪ್ಪಿದವು.

ಈ ಯುದ್ಧವನ್ನು ಬರೆದವರಲ್ಲಿ ಹೆಚ್ಚಿನವರು ಹಡಗು, ವಿಮಾನಗಳ ಲೆಕ್ಕದಲ್ಲೇ ತೊಡಗಿದ್ದಾರೆ. ನನ್ನ ಎಣಿಕೆಯಲ್ಲಿ ಇಡೀ ಕಥನದ ಭಾರ ಬಿದ್ದಿರುವುದು ಮೇ 22ರ ನಿರ್ಧಾರದ ಮೇಲೆ. ಶುರಿಯಲ್ಲೇ ಕಾದು ಮಡಿದಿದ್ದರೆ ಯುದ್ಧ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಜಪಾನಿನ ಮುಖ್ಯಭೂಮಿಗೆ ಇನ್ನಷ್ಟು ದಿನ ಗಳಿಸಿಕೊಡಬೇಕೆಂದು ಉಶಿಜಿಮಾ ದಕ್ಷಿಣದ ಮಬುನಿಗೆ ಹಿಂಜರಿಯಲು ಆಜ್ಞೆ ಕೊಟ್ಟನು. ಆ ದಕ್ಷಿಣದ ತುದಿಯಲ್ಲೇ ಲಕ್ಷಕ್ಕೂ ಮಿಕ್ಕಿ ಊರವರು ಗುಹೆಗಳಲ್ಲಿ ತಲೆಮರೆಸಿಕೊಂಡಿದ್ದರು. ಸುರಿಮಳೆಯಲ್ಲಿ, ಕೆಸರಿನಲ್ಲಿ ಸೇನೆ ಅವರ ನಡುವೆ ಬಂದು ಸೇರಿತು. ಅದರ ಬೆನ್ನಿಗೇ ಶತ್ರುವಿನ ಫಿರಂಗಿಯೂ ಬಂತು. ಗುಹೆ ಬೇಕಾದಾಗ ಜಪಾನಿ ಸೈನಿಕರು ಊರವರನ್ನು ಹೊರದಬ್ಬಿದರು. ಓಕಿನಾವಾ ನುಡಿಯಾಡಿದವರನ್ನು ಗೂಢಚಾರರೆಂದು ಕೊಂದರು.

ಹಿಮೆಯುರಿ ದಳದ ಶಾಲಾಬಾಲೆಯರ ಪಾಡೂ ಇದೇ. ಮಾರ್ಚ್ 23ರಂದು 222 ವಿದ್ಯಾರ್ಥಿನಿಯರನ್ನೂ 18 ಶಿಕ್ಷಕರನ್ನೂ ಸೇನೆಯ ಆಸ್ಪತ್ರೆಯ ಸೇವೆಗೆ ಎಳೆದುಕೊಳ್ಳಲಾಗಿತ್ತು. ಜೂನ್ 18ರಂದು, ಗುಂಡಿನ ಮಳೆಯ ನಡುವೆ, ದಳವನ್ನು ವಿಸರ್ಜಿಸಿ ಅವರವರ ದಾರಿ ಅವರವರಿಗೆ ಎಂದು ಕೈತೊಳೆದುಕೊಂಡರು. ಆ 240 ಮಂದಿಯಲ್ಲಿ 136 ಜನ ಸತ್ತರು, ಬಹುಪಾಲು ಆ ಆಜ್ಞೆಯಾದ ಕೆಲವೇ ದಿನಗಳಲ್ಲಿ.

ದ್ವೀಪದ ಜನರಲ್ಲಿ ನಾಲ್ವರಲ್ಲಿ ಒಬ್ಬರು ಅಳಿದರು. ಯಾರ ಅರಸೊತ್ತಿಗೆಯನ್ನು ಕಿತ್ತುಕೊಂಡಿತೋ ಅವರ ಮಕ್ಕಳನ್ನೇ ಜಪಾನ್ ತನ್ನ ಗುರಾಣಿಯಾಗಿಸಿತು.

ಜೂನ್ ಕೊನೆಯ ವಾರಕ್ಕೆ ಮುನ್ನ ಉಶಿಜಿಮಾ ಮಬುನಿಯ ಗುಹೆಯಲ್ಲಿ ಆತ್ಮಹತ್ಯೆ ಮಾಡಿಕೊಂಡನು. ಶರಣಾಗಿರೆಂದು ಅವನು ಹೇಳಲಿಲ್ಲ. ಕೊನೆಯುಸಿರಿನವರೆಗೆ ಹೋರಾಡಿರೆಂಬುದೇ ಅವನ ಕಡೆಯ ಆಜ್ಞೆ. ಹೀಗಾಗಿ ಅವನು ಸತ್ತ ಮೇಲೂ ಗುಹೆಗಳಲ್ಲಿ ಸಾವು ನಿಲ್ಲಲಿಲ್ಲ. ಓಕಿನಾವಾದ ಶರಣಾಗತಿ ಪತ್ರಕ್ಕೆ ರುಜು ಬಿದ್ದದ್ದು ಸೆಪ್ಟೆಂಬರ್ 7ರಂದು.