ಪುಕ್ಕಟೆ ವಸ್ತುವಿನ ಮರುಬಳಕೆ, ಮರುಮಾರಾಟ ಮತ್ತು ಮೂರು ನಿರ್ಬಂಧಗಳು: ಸಂತೆಗುಳಿ ಸೀಮೆಯನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

1. ಪ್ರಸ್ತಾವನೆ

ಅಂಗಡಿ, ಬ್ಯಾಂಕು, ಸೊಸೈಟಿಗಳು ಪ್ರಚಾರಕ್ಕೆಂದು ಪುಕ್ಕಟೆ ಹಂಚಿದ ವಸ್ತು ಮನೆ ಸೇರಿದ ಮೇಲೆ ಅದರ ಮೇಲಿನ ಹಕ್ಕು ಯಾರದು? ಅದನ್ನು ಮಾರಬಹುದೆ, ಇನ್ನೊಬ್ಬರಿಗೆ ಉಡುಗೊರೆಯಾಗಿ ಕೊಡಬಹುದೆ? ಭಟ್ಕಳ, ಹೊನ್ನಾವರ, ಕುಮಟಾ ಭಾಗದ, ಅದರಲ್ಲೂ ಸಂತೆಗುಳಿಯಂಥ ಅಡಿಕೆ ತೋಟದ ಊರುಗಳ ಮನೆಬಳಕೆಯನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಿದೆ. ಇಗೊರ್ ಕೋಪಿಟಾಫ್ 1986ರ ತಮ್ಮ ಪ್ರಬಂಧದಲ್ಲಿ ವಸ್ತುಗಳಿಗೂ ಜೀವನಚರಿತ್ರೆಯಿದೆ, ಸರಕಾಗುವುದೂ ಸರಕಿನ ಸ್ಥಿತಿಯಿಂದ ಹೊರಬರುವುದೂ ಅದರ ಘಟ್ಟಗಳು ಎಂದು ವಾದಿಸಿದರು. ಪುಕ್ಕಟೆ ವಸ್ತು ಮತ್ತೆ ಸರಕಾಗದಂತೆ ತಡೆಯುವ ಶಕ್ತಿಗಳು ಮೂರು: ಕೊಟ್ಟವರು ಅಚ್ಚು ಹಾಕಿದ ಮಾತು, ಸರ್ಕಾರದ ಕಾನೂನು, ಮನೆಯ ರೂಢಿ. ಇವುಗಳಲ್ಲಿ ಮೊದಲನೆಯದು ತೀರ ದುರ್ಬಲ. ದಿನನಿತ್ಯದ ಬಳಕೆಯಲ್ಲಿ ಕೊನೆಯದೇ ಹೆಚ್ಚು ಪ್ರಬಲ ಎಂಬುದು ಈ ಲೇಖನದ ಮಂಡನೆ.

2. ಕ್ಯಾಲೆಂಡರ್

ರಾಜಾ ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಮುದ್ರಣಾಲಯ ದೇವರ ಚಿತ್ರಗಳನ್ನು ಸಾಮಾನ್ಯರ ಗೋಡೆಗೆ ತಂದಿತು. ಮುಂದೆ ಅಂಥ ಚಿತ್ರಗಳು ಸರಕುಗಳ ಜಾಹೀರಾತಿಗೂ ಒದಗಿದವು. ಕಲಬುರಗಿಯ ಎಸ್. ಎಂ. ಪಂಡಿತ್ (1916–1993) ಪೌರಾಣಿಕ ಚಿತ್ರಗಳಿಂದ ಈ ಪರಂಪರೆಯ ದೊಡ್ಡ ಹೆಸರಾದರು. ಕಜ್ರಿ ಜೈನ್ ಅವರ ‘ಗಾಡ್ಸ್ ಇನ್ ದ ಬಜಾರ್’ (2007) ಕ್ಯಾಲೆಂಡರನ್ನು ಕಲಾಕೃತಿಯಾಗಿ ಮಾತ್ರವಲ್ಲ, ವ್ಯಾಪಾರದ ನಂಟುಗಳನ್ನು ಕಟ್ಟುವ ವಸ್ತುವಾಗಿಯೂ ನೋಡಿತು.

ಕುಮಟಾ ಸೀಮೆಯಲ್ಲಿ ತಿಥಿ, ಮುಹೂರ್ತ ನೋಡಲು ಬಗ್ಗೋಣ ಪಂಚಾಂಗವನ್ನು ದುಡ್ಡು ಕೊಟ್ಟು ತರುತ್ತಾರೆ. ಕ್ಯಾಲೆಂಡರ್ ಮಾತ್ರ ಪುಕ್ಕಟೆ ಬರಬೇಕು. ಹೀಗೆ ಬಂದ ಕ್ಯಾಲೆಂಡರಿನ ಮನೆಗಳಲ್ಲಿ ಹಾಲಿನ ಲೆಕ್ಕ, ಕೊನೆಗೌಡನಿಗೆ ಕೊಟ್ಟ ಮುಂಗಡ, ದನ ಗಬ್ಬವಾದ ದಿನ, ಗ್ಯಾಸ್ ಸಿಲಿಂಡರ್ ಹಚ್ಚಿದ ತಾರೀಕು ಎಲ್ಲ ದಾಖಲಾಗುತ್ತವೆ. ವರ್ಷ ಮುಗಿದ ಮೇಲೆ ಹಾಳೆಗಳು ಮಕ್ಕಳ ಪುಸ್ತಕಕ್ಕೆ ಬೈಂಡಾಗುತ್ತವೆ. ಉಳಿದದ್ದು ರದ್ದಿಯ ಜತೆ ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. ಆದರೆ ದೇವರ ಚಿತ್ರವಿದ್ದ ಹಾಳೆಗೆ ಈ ದಾರಿ ಇಲ್ಲ. ಅದರ ಕೆಳಗಿನ ಅಂಗಡಿಯ ಹೆಸರನ್ನು ಕತ್ತರಿಸಿ, ಚಿತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೇರಿಸುವುದುಂಟು. ಬಣ್ಣ ಮಾಸಿದರೆ ಹೊಳೆಗೆ ಬಿಡುತ್ತಾರೆ ಇಲ್ಲವೆ ಅಶ್ವತ್ಥಕಟ್ಟೆಯಲ್ಲಿ ಇಡುತ್ತಾರೆ. ಇಲ್ಲಿ ಮರುಮಾರಾಟವನ್ನು ತಡೆಯುವುದು ಕಾನೂನಲ್ಲ, ಭಕ್ತಿ.

3. ದಾಟಿಸುವ ರೂಢಿ

ಬಂದ ಉಡುಗೊರೆಯನ್ನು ಇನ್ನೊಬ್ಬರಿಗೆ ದಾಟಿಸುವುದು ಇಲ್ಲಿಗೆ ಹೊಸದಲ್ಲ. ಉಡಿ ತುಂಬುವಾಗ ಕೊಟ್ಟ ರವಿಕೆ ಕಣ ಹೊಲಿಗೆ ಕಾಣದೆ ಮನೆಯಿಂದ ಮನೆಗೆ ಸಾಗುತ್ತದೆ. ಅದನ್ನು ಯಾರೂ ಅವಮಾನವೆಂದು ಎಣಿಸುವುದಿಲ್ಲ. ಪ್ರಚಾರದ ಉಡುಗೊರೆಯೂ ಇದೇ ದಾರಿ ಹಿಡಿಯುತ್ತದೆ, ಆದರೆ ಒಂದು ಷರತ್ತಿನ ಮೇಲೆ: ಕೊಟ್ಟವರ ಹೆಸರು ಕಾಣಬಾರದು. ಗುರುತಿಲ್ಲದ ಸ್ಟೀಲ್ ಡಬ್ಬಿ ಮುಂದಿನ ಉಪನಯನಕ್ಕೋ ಗೃಹಪ್ರವೇಶಕ್ಕೋ ನಡೆಯುತ್ತದೆ. ಅಂಗಡಿಯ ಹೆಸರು ಕೆತ್ತಿದ ತಟ್ಟೆ ಸ್ವಂತ ಅಡುಗೆಮನೆಯಲ್ಲೇ ಉಳಿಯುತ್ತದೆ. ಹಾಗಾಗಿ ಪ್ರಚಾರಕ್ಕೆಂದು ಹಾಕಿದ ಹೆಸರೇ ವಸ್ತುವಿನ ವಿನಿಮಯ ಮೌಲ್ಯವನ್ನು ತಗ್ಗಿಸುತ್ತದೆ. ಸಾಬೂನು ಪುಡಿಯ ಜತೆಗಿನ ಪುಕ್ಕಟೆ ಚಮಚೆಯನ್ನು ಅಂಗಡಿಯವನೇ ಬೇರ್ಪಡಿಸಿ ಮಾರಿದರೆ ಮಾತು ಬೇರೆ. ಅದು ಗಿರಾಕಿಗೆ ಸಲ್ಲಬೇಕಾದ್ದನ್ನು ಕಸಿದುಕೊಂಡಂತೆ.

4. ಅಚ್ಚಿನ ಮಾತು ಮತ್ತು ಕಾನೂನು

ಸ್ವತ್ತು ವರ್ಗಾವಣೆ ಅಧಿನಿಯಮ, 1882ರ 122 ಮತ್ತು 123ನೇ ಕಲಮುಗಳ ಪ್ರಕಾರ ಪ್ರತಿಫಲವಿಲ್ಲದೆ ಸ್ವಇಚ್ಛೆಯಿಂದ ಕೊಟ್ಟು, ಪಡೆದವರು ಒಪ್ಪಿಕೊಂಡರೆ ಅದು ದಾನ. ಚರ ವಸ್ತುವಾದರೆ ಕೈಗೊಪ್ಪಿಸಿದರೂ ಸಾಕು. ಅಲ್ಲಿಗೆ ಒಡೆತನ ಪಡೆದವರದಾಗುತ್ತದೆ. ‘ಮಾರಾಟಕ್ಕಲ್ಲ’ ಎಂಬ ಮುದ್ರೆಗೆ ಎಷ್ಟು ಬೆಲೆ ಎಂಬ ಪ್ರಶ್ನೆ ಅಮೆರಿಕದಲ್ಲಿ ನೇರವಾಗಿಯೇ ಎದುರಾಯಿತು. ಯುಎಂಜಿ ರೆಕಾರ್ಡಿಂಗ್ಸ್ ಕಂಪನಿ ವಿಮರ್ಶಕರು, ರೇಡಿಯೊದವರು ಮೊದಲಾದವರಿಗೆ ಪ್ರಚಾರಕ್ಕಾಗಿ ಕಳಿಸಿದ್ದ ಸಿಡಿಗಳನ್ನು ಟ್ರಾಯ್ ಆಗಸ್ಟೊ ಸಂಪಾದಿಸಿ ಇ-ಬೇನಲ್ಲಿ ಮಾರಿದರು. 2011ರಲ್ಲಿ ಒಂಬತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯವು ಕೇಳದೆ ಕಳಿಸಿ, ಮರಳಿಸಲೂ ಹೇಳದ ಸಿಡಿಗಳ ಒಡೆತನ ಪಡೆದವರಿಗೆ ಸೇರಿತೆಂದೂ ಮಾರಾಟ ತಪ್ಪಲ್ಲವೆಂದೂ ತೀರ್ಪಿತ್ತಿತು.

ಔಷಧದ ಮಾತು ಹೀಗಲ್ಲ. ವೈದ್ಯರಿಗೆ ಕೊಡುವ ಮಾದರಿ ಮಾತ್ರೆಗಳ ಮೇಲೆ ‘ವೈದ್ಯರ ಮಾದರಿ, ಮಾರಾಟಕ್ಕಲ್ಲ’ ಎಂಬರ್ಥದ ಒಕ್ಕಣೆ ಇರಬೇಕೆಂದು 1945ರ ಔಷಧ ನಿಯಮಗಳು ವಿಧಿಸುತ್ತವೆ. ಅಂಥದ್ದನ್ನು ಔಷಧ ಅಂಗಡಿ ಮಾರುವುದು ನಿಯಮಭಂಗ. ಮುದ್ರೆಯ ಹಿಂದೆ ಶಾಸನ ನಿಂತರೆ ಮಾತ್ರ ಅದಕ್ಕೆ ಬಲ.

ಶಾಸನವೂ ಎಲ್ಲೆಡೆ ಒಂದೇ ರೀತಿ ತಟ್ಟುವುದಿಲ್ಲ. ಕರ್ನಾಟಕ ಸರ್ಕಾರ 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ ಪ್ಲಾಸ್ಟಿಕ್ ಚೀಲಗಳ ಜತೆಗೆ ಫ್ಲೆಕ್ಸನ್ನೂ ನಿಷೇಧಿಸಿತು. ಆದರೂ ಕಾರ್ಯಕ್ರಮ ಮುಗಿದ ಮೇಲೆ ಫ್ಲೆಕ್ಸಿಗೆ ಬೇಡಿಕೆ ತಪ್ಪಿಲ್ಲ. ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಕರಾವಳಿಯಲ್ಲಿ ಕಟ್ಟಿಗೆ ರಾಶಿ ಮುಚ್ಚಲು, ಕೊಟ್ಟಿಗೆಯ ಇರಚಲು ತಡೆಯಲು ಅದು ತಾಡಪತ್ರಿಯ ಜಾಗದಲ್ಲಿ ನಿಲ್ಲುತ್ತದೆ. ಅಲ್ಲಿ ಯಾರ ಮುಖ, ಯಾರ ಹೆಸರು ಎಂದು ಯಾರೂ ನೋಡುವುದಿಲ್ಲ. ಈ ಮರುಬಳಕೆಯನ್ನು ಮಿತವ್ಯಯವೆಂದು ಹೊಗಳುವ ಮೊದಲು ಒಂದು ಎಚ್ಚರ ಬೇಕು: ಫ್ಲೆಕ್ಸ್ ಪಿವಿಸಿ ಲೇಪದ ಬಟ್ಟೆ, ಹರಿದ ತುಂಡು ಬಚ್ಚಲೊಲೆ ಸೇರಿದರೆ ಡಯಾಕ್ಸಿನ್‌ನಂಥ ವಿಷ ಹೊರಬರುತ್ತದೆ.

5. ಉಪಸಂಹಾರ

ಪುಕ್ಕಟೆ ಬಂದದ್ದನ್ನು ಮಾರುವುದರಲ್ಲಾಗಲಿ ದಾಟಿಸುವುದರಲ್ಲಾಗಲಿ ತಾನಾಗಿ ದೋಷವಿಲ್ಲ. ಮೂರನೆಯವರಿಗೆ ಹಾನಿಯಾಗುವ ಕಡೆ, ಅಂದರೆ ಮಾದರಿ ಔಷಧ, ಸುಟ್ಟ ಫ್ಲೆಕ್ಸ್, ಗಿರಾಕಿಗೆ ತಲುಪದ ಕೊಡುಗೆ ಇಂಥಲ್ಲಿ ಮಾತ್ರ ಕಾನೂನು ಬಿಗಿಯಾಗಬೇಕು. ಉಳಿದುದನ್ನು ರೂಢಿಯೇ ಸಮರ್ಪಕವಾಗಿ ನಡೆಸುತ್ತಿದೆ. ಸಂಶೋಧಕರಿಗೆ ಇಲ್ಲೊಂದು ತುರ್ತು ಕೆಲಸವಿದೆ. ಕೂಲಿ, ಹಾಲು, ಕೊನೆಕೊಯ್ಲಿನ ಲೆಕ್ಕ ಗೀಚಿದ ಹಳೆಯ ಕ್ಯಾಲೆಂಡರುಗಳು ಉತ್ತರ ಕನ್ನಡದ ತೋಟಿಗರ ಮನೆವಾರ್ತೆಯ ಅಪರೂಪದ ಲಿಖಿತ ಆಕರಗಳು. ಜಿಲ್ಲೆಯ ಕಾಲೇಜುಗಳ ಇತಿಹಾಸ, ಅರ್ಥಶಾಸ್ತ್ರ ವಿಭಾಗಗಳು ಅವು ಗುಜರಿ ಸೇರುವ ಮುನ್ನ ಮನೆಮನೆಯಿಂದ ಸಂಗ್ರಹಿಸಿ ಕಾಪಿಡಬೇಕು.